ಹಾಲಿನ ಕ್ಯಾನು, ಕಸದ ಬುಟ್ಟಿ

ಬೆಳಿಗ್ಗೆ ನನ್ನ ಫೋನು ಯಾರನ್ನೂ ಕೇಳದೆ ಅಪ್‌ಡೇಟ್ ಆಗಿ ಕುಳಿತಿತ್ತು. ನಿನ್ನೆಯವರೆಗೆ ಒತ್ತುವ ಚಿತ್ರಗಳ ಕೆಳಗಿದ್ದ ಹೆಸರುಗಳೆಲ್ಲ ಮಾಯ. ಬರೀ ಗೆರೆ, ಚುಕ್ಕಿ, ಬಾಣ. ಹಾಸನದ ಬಸ್ಸಿನಲ್ಲಿ ಕೂತು, ಒಂದು ಫೋಟೋ ಕಳಿಸುವುದಕ್ಕೆ ಯಾವುದನ್ನು ಒತ್ತಬೇಕೆಂದು ತಿಳಿಯದೆ ಬೆರಳು ಎತ್ತಿಕೊಂಡೇ ಇದ್ದೆ. ಕಂಪ್ಯೂಟರಿನಿಂದಲೇ ಅನ್ನ ತಿನ್ನುವ ನನ್ನ ಗತಿಯೇ ಹೀಗಾದರೆ ಉಳಿದವರ ಪಾಡೇನು, ನೀವೇ ಹೇಳಿ. ಸಿಟ್ಟು ಬಂತು, ಅದರ ಹಿಂದೆಯೇ ಪುಟ್ಟತಾಯಮ್ಮನವರು ನೆನಪಾಗಿ ನಗುವೂ ಬಂತು.

ಹೊಳೆನರಸೀಪುರದಲ್ಲಿ ಅಂಗಡಿ ಇಟ್ಟ ಹೊಸತರಲ್ಲಿ ಹಳೇಕೋಟೆ ಕಡೆಯ ಒಂದು ಹಾಲಿನ ಡೇರಿಗೆ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆ. ಮೇಲುಗಡೆ ಸಾಲಾಗಿ ಪುಟ್ಟ ಪುಟ್ಟ ಚಿತ್ರಗಳು. ಅಕ್ಷರ ಹಾಕಿದರೆ ಅಂದ ಕೆಡುತ್ತದೆಂಬ ಜಂಬ ನನಗೆ. ಕಾರ್ಯದರ್ಶಿ ರಮೇಶನಿಗೆ ದಿನಾ ಅದೇ ಕೆಲಸ, ಕಣ್ಣು ಮುಚ್ಚಿಕೊಂಡು ಒತ್ತುತ್ತಿದ್ದ. ಅವನು ಊರಲ್ಲಿಲ್ಲದ ದಿನ ಮಾತ್ರ ಕಮಿಟಿಯ ಪುಟ್ಟತಾಯಮ್ಮನವರು ಕೂರಬೇಕು. ಅಂಥ ದಿನ ಬರುತ್ತಿದ್ದುದು ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ. ಆ ಕುರ್ಚಿಯೆಂದರೆ ಅವರಿಗೆ ಪ್ರಾಣ. ಅವತ್ತು ಗರಿಗರಿ ಸೀರೆ, ಮುಡಿಗೆ ಕನಕಾಂಬರ. ಕಮಿಟಿಯ ಗಂಡಸರು ಮಾತ್ರ "ಎಂಗಸ್ರ ಕೈಲಿ ಇದೆಲ್ಲ ಆದದಾ" ಎನ್ನುತ್ತ ಒಂದು ತಪ್ಪಿಗಾಗಿ ಕಾಯುತ್ತಿದ್ದರು.

ಒಂದು ಬೆಳಿಗ್ಗೆ ಅವರ ಫೋನು ಬಂತು.

"ಸಾ, ಜನ ಆಲು ಆಕ್ತಾವ್ರೆ, ನಾನೂ ಒತ್ತುತಾ ಇವ್ನಿ, ಒಬ್ರ ಎಸ್ರೂ ನಿಲ್ತಾ ಇಲ್ಲ."

"ಯಾವುದನ್ನು ಒತ್ತಿದಿರಿ?"

"ಕ್ಯಾನ್ನೇ ಸಾ. ಆಲು ಬಂದ್ರೆ ಕ್ಯಾನ್ಗೆ ತಾನೆ ಉಯ್ಯಾದು?"

ನಾನು ಕ್ಯಾನಿನ ಚಿತ್ರವನ್ನೇ ಬರೆದಿರಲಿಲ್ಲವಲ್ಲ ಎಂದು ಬೈಕು ಹತ್ತಿ ಓಡಿದೆ. ಅವರು ತೋರಿಸಿದ್ದು, ಅಳಿಸುವುದಕ್ಕೆಂದು ನಾನಿಟ್ಟ ಕಸದ ಬುಟ್ಟಿ. ಮುಚ್ಚಳ, ಹಿಡಿ, ಮೈಮೇಲೆರಡು ಗೆರೆ. ಡೇರಿಯಲ್ಲಿ ನಿಂತು ನೋಡಿದರೆ ಅದು ಹಾಲಿನ ಕ್ಯಾನೇ ಸರಿ. ಊರಿನ ಬೆಳಗಿನ ಹಾಲನ್ನೆಲ್ಲ ನಾವಿಬ್ಬರೂ ಸೇರಿ ಕಸಕ್ಕೆ ಸುರಿದಿದ್ದೆವು. ಪುಣ್ಯಕ್ಕೆ ಜನ ಇನ್ನೂ ಅಲ್ಲೇ ಇದ್ದರು, ಅವರವರ ಅಳತೆ ಅವರವರ ಬಾಯಲ್ಲಿತ್ತು. "ಮೋರಿಗೇನ್ ಉಯ್ನಿಲ್ವಲ್ಲ, ಓಗ್ಲಿ ಬುಡವ್ವ" ಎಂದರು ಒಬ್ಬ ಅಜ್ಜ. ಪುಟ್ಟತಾಯಮ್ಮನವರು ನಗಲಿಲ್ಲ. ಕುರ್ಚಿಯ ತೋಳು ಬಿಗಿಯಾಗಿ ಹಿಡಿದುಕೊಂಡಿದ್ದರು. ನಾನು ಒಬ್ಬೊಬ್ಬರನ್ನೇ ಕೇಳಿ ಎಲ್ಲವನ್ನೂ ಮತ್ತೆ ಬರೆಸಿದೆ.

ಮುಂದಿನ ಸಲಕ್ಕೆ ಅವರದೇ ಉಪಾಯ: ಕಂಪ್ಯೂಟರಿನ ಗಾಜಿಗೆ ಹಣೆಯ ಸ್ಟಿಕ್ಕರು ಬೊಟ್ಟು. ಒತ್ತಬೇಕಾದ್ದಕ್ಕೆ ಹಸಿರು, ಮುಟ್ಟಬಾರದ್ದಕ್ಕೆ ಕೆಂಪು. ಚೆನ್ನಾಗಿಯೇ ನಡೆಯಿತು, ರಮೇಶ ಬಂದು ಮೌಸಿನಲ್ಲಿ ಎಲ್ಲವನ್ನೂ ಒಂಚೂರು ಪಕ್ಕಕ್ಕೆ ಎಳೆಯುವವರೆಗೆ. ಚಿತ್ರಗಳು ಸರಿದವು, ಬೊಟ್ಟುಗಳು ಇದ್ದಲ್ಲೇ ಉಳಿದವು. ಈಗ ಹಸಿರು ಬೊಟ್ಟು ನೇರ ಕಸದ ಬುಟ್ಟಿಯ ಮೇಲೆ! ರಮೇಶ ನೋಡಿ ನನಗೆ ಹೇಳದಿದ್ದರೆ ಗ್ರಹಚಾರ ಕಾದಿತ್ತು.

ಅವತ್ತು ಪುಟ್ಟತಾಯಮ್ಮನವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದನ್ನೂ ತೋರಿಸಿ ಇದೇನು ಎಂದು ಕೇಳಿದೆ. ಬೇಕಾದ ಹೆಸರನ್ನಷ್ಟೇ ಸೋಸಿ ತೋರಿಸುವ ಚಿತ್ರ ಸೀಮೆಎಣ್ಣೆಯ ಲಾಳಿಕೆಯಾಯಿತು. ಸೆಟ್ಟಿಂಗಿನ ಹಲ್ಲುಚಕ್ರ ಆಲೆಮನೆಯ ಗಾಣವಾಯಿತು. ಬರೆದದ್ದನ್ನು ಉಳಿಸುವ ಫ್ಲಾಪಿ ಚಿತ್ರವನ್ನು ಬಹಳ ಹೊತ್ತು ನೋಡಿ, "ಇದ್ಕೆ ತಲೆ ಬುಡ ಎರಡೂ ಇಲ್ಲ ಕಣ್ ಸಾ" ಎಂದರು. ಇಬ್ಬರೂ ನಕ್ಕು ನಕ್ಕು ಸಾಕಾದೆವು. ಕೊನೆಗೆ ಜಂಬ ಬಿಟ್ಟು ಪ್ರತಿ ಚಿತ್ರದ ಕೆಳಗೂ ಕನ್ನಡದಲ್ಲಿ ಹೆಸರು ಬರೆದೆ. ಹಾಲು ಬರೆಯುವುದಕ್ಕೆ ನಿಜವಾದ ಕ್ಯಾನು ಬಂತು. ಬುಟ್ಟಿಯ ಚಿತ್ರ ತೆಗೆದು 'ತೆಗೆದುಹಾಕು' ಎಂದಷ್ಟೇ ಬರೆದು ಆಚೆ ತುದಿಗೆ ಅಟ್ಟಿದೆ. "ಇನ್ನೂ ದೂರ ತಳ್ಳಿ ಸಾ" ಎಂದರು.

ಆಮೇಲೆ ರಮೇಶ ತಂಗಿಯ ಮದುವೆಗೆಂದು ಅರ್ಧ ತಿಂಗಳು ರಜೆ ಹಾಕಿದ. ಮೊದಲ ದಿನ ಅಂಗಡಿಯಲ್ಲಿ ಫೋನನ್ನೇ ನೋಡುತ್ತ ಕೂತಿದ್ದೆ. ಬಂದೇಬಂತು. ಮೊದಲ ಗಂಟೆಗೇ ಎತ್ತಿದೆ.

"ಏನಾಯ್ತಮ್ಮ?"

"ಏನೂ ಆಗ್ನಿಲ್ಲ. ಅದ್ನೇ ಏಳಾನ ಅಂತ ಮಾಡ್ದೆ. ಅಧ್ಯಕ್ಸ್ರು ಎದ್ರಿಗೇ ನಿಂತವ್ರೆ, ತಡೀರಿ, ಅವ್ರ್ ಆಲ್ನೂ ಬರ್ಕತೀನಿ."

ಈಗ ರಮೇಶ ಊರಲ್ಲಿದ್ದರೂ ವಾರಕ್ಕೊಂದು ದಿನ ಆ ಕುರ್ಚಿ ಅವರದೇ. ಇವತ್ತು ಬಸ್ಸಿನಲ್ಲಿ ಕೂತಲ್ಲಿಂದಲೇ, ಕಾರಣವಿಲ್ಲದೆ, ಅವರಿಗೊಂದು ಫೋನು ಹಚ್ಚಿದೆ.

"ಆಮೇಕೆ ಮಾಡಿ ಸಾ," ಎಂದರು, "ಕುರ್ಚೀಲಿ ಇವ್ನಿ. ಜನ ಕಾಯ್ತಾವ್ರೆ."

ಪಟ್ಟನೆ ಇಟ್ಟೇಬಿಟ್ಟರು. ಒಬ್ಬರು ನನ್ನ ಫೋನು ಕಟ್ ಮಾಡಿದ್ದಕ್ಕೆ ನಾನು ಇಷ್ಟು ಖುಷಿಪಟ್ಟದ್ದು ಅದೇ ಮೊದಲು.