ಯಿಶುನ್‌ನಲ್ಲಿ ಎದ್ದ ಪ್ರಾಗ್‌ನ ಗೋಪುರ

ಪ್ರಾಗ್‌ನಿಂದ ಬೆಂಗಳೂರಿಗೆ ಮರಳುವಾಗ ಸುತ್ತು ಹಾಕಿ ಸಿಂಗಪುರಕ್ಕೆ ಬಂದಿದ್ದೆ. ಅಲ್ಲಿನ ಯಿಶುನ್ ಬಡಾವಣೆಯಲ್ಲಿ, ಫ್ಲ್ಯಾಟುಗಳ ಕೆಳಗೆ ವಾಯ್ಡ್ ಡೆಕ್ ಎನ್ನುವ ತೆರೆದ ಜಾಗದಲ್ಲಿ, ಭಾನುವಾರ ಚಿತ್ರ ಬಿಡಿಸುವವರ ಗುಂಪೊಂದು ಸೇರುತ್ತದೆ. ಕಣ್ಣೆದುರು ಇರುವುದನ್ನೇ ಬಿಡಿಸಬೇಕೆಂಬುದು ಅವರ ನಿಯಮ. ನಾನು ಫೋನಿನಲ್ಲಿ ಪ್ರಾಗ್‌ನ ಹಳೇ ಪೇಟೆಯ ಫೋಟೊ ತೆರೆದು, ಅಲ್ಲಿ ಅರ್ಧಕ್ಕೆ ನಿಂತ ಚಿತ್ರವನ್ನು ಹರವಿಕೊಂಡೆ.

“ಇದು ನಡೆಯಲ್ಲಮ್ಮ,” ಎಂದರು ಗುಂಪು ನಡೆಸುವ ಸುನಂದಾ ಆಂಟಿ.

“ಫೋನ್ ನನ್ನ ಕಣ್ಣೆದುರೇ ಇದೆಯಲ್ಲ, ಆಂಟಿ?”

“ವಾದದಲ್ಲಿ ನೀನೇ ಗೆದ್ದೆ, ಬಿಡು. ಕೊನೇಲಿ ಎಲ್ಲರ ಚಿತ್ರಾನೂ ನೆಲದ ಮೇಲೆ ಸಾಲಾಗಿ ಇಡ್ತೀವಿ. ಅಷ್ಟರೊಳಗೆ ಮುಗಿಸು, ನೋಡೋಣ.”

ಛಾವಣಿಗಳಿಗೆ ಇಟ್ಟಿಗೆ ಬಣ್ಣ ಬಳಿದೆ. ಪ್ರಾಗ್‌ನಲ್ಲಿ ಕುಂಚ ತೊಳೆಯುವಷ್ಟರಲ್ಲಿ ಬಣ್ಣ ಒಣಗುತ್ತಿತ್ತು. ಅದೇ ರೂಢಿಯಲ್ಲಿ ತಕ್ಷಣ ಪೆನ್ನಿನಿಂದ ಗೋಪುರದ ಗೆರೆ ಎಳೆದೆ. ಸಿಂಗಪುರದ ಈ ತೇವ ತುಂಬಿದ ಸೆಕೆಯಲ್ಲಿ ಕಾಗದ ಇನ್ನೂ ಹಸಿಯಾಗಿತ್ತು. ಶಾಯಿ ಹರಡಿ, ಗೋಪುರದ ಚೂಪು ತುದಿ ಕಪ್ಪು ಮುದ್ದೆಯಾಯಿತು.

ಆಂಟಿಯ ಮಗಳು ನೇಹಾ ಬಗ್ಗಿ ನೋಡಿದಳು. “ಟವರ್ ಮೆಲ್ಟ್ ಆಗೋಯ್ತು ಲಾ! ಹೊಸ ಶೀಟ್ ತಗೊಂಡು ಎದುರಿನ ಬ್ಲಾಕ್ ಡ್ರಾ ಮಾಡು, ಈಸಿ.”

“ಈಸಿ ಅನ್ನೋದು ಕಾರಣ ಅಲ್ಲ,” ಎಂದೆ.

ತಿಂಡಿ ತಂದಿದ್ದ ಕಂದು ಕಾಗದದ ಚೀಲ ಹರಿದು, ಆ ಮುದ್ದೆಯ ಮೇಲೆ ಗೋಪುರದ ಆಕಾರಕ್ಕೆ ಅಂಟಿಸಿದೆ. ಕಿಟಕಿಗಳನ್ನು ಬಣ್ಣದ ಪೆನ್ಸಿಲಿನಲ್ಲಿ ಕೊರೆದಂತೆ ಒತ್ತಿ ಬರೆದೆ. ಚಿತ್ರಗಳನ್ನು ಸಾಲಾಗಿಡುವಾಗ ಆಂಟಿ ನನ್ನದನ್ನು ತಾವೇ ಎತ್ತಿ, ಅಂಟು ಒಣಗಲೆಂದು ಫ್ಯಾನಿನ ಎದುರಿಗಿಟ್ಟರು. ಗೋಪುರದ ಅಂಚು ಪಟಪಟಿಸಿತು, ಕಿತ್ತು ಬರಲಿಲ್ಲ.