ಇದೇ ಫೈನಲ್ ಮಾರಾಯ

ವಿದ್ಯಾನಗರದಲ್ಲಿ ನನ್ನ ಪಕ್ಕದ ರೂಮಿನವನು ರಕ್ತದಾನಿಗಳನ್ನು ಹುಡುಕಿಕೊಡುವ ಪುಟ್ಟ ವೆಬ್‌ಸೈಟ್ ಕಟ್ಟಿದ್ದ. ದಾನಿಗಳ ಹೆಸರು, ನಂಬರು ಇಡುವ ಡೇಟಾಬೇಸನ್ನು ಮಾತ್ರ ಬದಲಿಸುತ್ತಲೇ ಇದ್ದ. ಕೂತಲ್ಲೂ ಅವನ ಮಂಡಿ ಕುಣಿಯುತ್ತಿತ್ತು.

“ಇರೋದೇ ಸಾಕಲ್ವೇನೋ?” ಎಂದರೆ, “ನಾಳೆ ಲಕ್ಷ ಜನ ಬಂದ್ರೆ? ಮಾಂಗೋ ಡೇಟಾಬೇಸ್‌ಗೆ ಹಾಕ್ತೀನಿ. ಇದೇ ಫೈನಲ್ ಮಾರಾಯ” ಎನ್ನುತ್ತಿದ್ದ. ಸೈಟಿನಲ್ಲಿದ್ದ ದಾನಿಗಳು ನಮ್ಮ ಕ್ರಿಕೆಟ್ ಟೀಮಿನವರಷ್ಟೇ.

ಒಂದು ಮಧ್ಯಾಹ್ನ ಹೀಗೇ ಡೇಟಾ ಸಾಗಿಸಲು ಸೈಟ್ ನಿಲ್ಲಿಸಿದ್ದಾಗ ಪೋಸ್ಟರಿನಲ್ಲಿದ್ದ ಅವನ ನಂಬರಿಗೆ ಪಕ್ಕದೂರು ಭದ್ರಾವತಿಯ ಓಲ್ಡ್ ಟೌನಿನಿಂದ ಹೆಂಗಸೊಬ್ಬರ ಫೋನ್ ಬಂತು. “ಸೈಟ್ ಓಪನ್ ಆಗ್ತಿಲ್ಲ ಸರ್. ತಂಗಿಗೆ ಹೆರಿಗೆ, ಬಿ ನೆಗೆಟಿವ್ ಬೇಕು.”

ಅವನ ಮಂಡಿ ನಿಂತಿತು. “ನಂದೂ ಅದೇ ಗ್ರೂಪು. ಬರ್ತೀನಿ ಅಕ್ಕಾ” ಎಂದವನೇ ನನ್ನ ಬೈಕಿನ ಹಿಂದೆ ಹತ್ತಿದ.

ರಕ್ತ ಕೊಟ್ಟು ಆಸ್ಪತ್ರೆಯ ಬೆಂಚಿನಲ್ಲಿ ತೋಳಿಗೆ ಹತ್ತಿ ಒತ್ತಿಕೊಂಡು ಕೂತವನ ಮಂಡಿ ಮತ್ತೆ ಕುಣಿಯತೊಡಗಿತು.

“ಮಾಂಗೋ ಬೇಡ, ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೇ ಹಾಕ್ಬಿಡ್ತೀನಿ” ಎಂದ. “ಇದೇ ಫೈನಲ್ ಮಾರಾಯ.”