ಭಾವನ ಹೊಸ ಮೋಟಾರು

ಇವತ್ತಿನದು ಕೇಳಿ ಗೆಳೆಯರೇ. ಸಾಂಗಲಿಯ ನಮ್ಮ ಭಾವ ಹೊಸ ಮೋಟಾರಿನಲ್ಲಿ ನಮ್ಮೂರು ಸೊರಡಿಗೆ ಬಂದು, ತಮ್ಮ ಮಗನ ಮದುವೆಯ ನಿಶ್ಚಯಕ್ಕೆಂದು ನನ್ನನ್ನೂ ಜತ್ತಿಗೆ ಹೊರಡಿಸಿದರು. ಅವರಿಗೆ ಮೋಟಾರೆಂದರೆ ಸ್ವಂತ ಕಾರು. ಹಾರ್ನ್ ಹೊಡೆದರೆ ಜನ ಸರಿಯಬೇಕು. ನಮ್ಮೂರಿಗೆ ಮೋಟಾರೆಂದರೆ ಸರ್ವಿಸ್ ಬಸ್ಸು. ಜನ ಕೈ ಮಾಡಿದರೆ ಅದು ನಿಲ್ಲಬೇಕು.

ಊರ ಹೊರಗೆ ಕುರಿ ಕಾಯುವ ಅಜ್ಜಿಯೊಬ್ಬಳು ರಸ್ತೆಯ ನಡುವೆಯೇ ನಿಂತು ಕೈ ಮಾಡಿದಳು. ಡ್ರೈವರ್ ನಿಲ್ಲಿಸಲೇಬೇಕಾಯಿತು. ಮಗಳು, ಅಳಿಯ, ಒಂದು ಕುರಿಮರಿ ಸಮೇತ ಹತ್ತಿ ಕುಳಿತಳು.

“ಇದು ಸರ್ವಿಸ್ ಮೋಟಾರಲ್ಲ ಆಯಿ, ನನ್ನ ಸ್ವಂತದ್ದು,” ಎಂದರು ಭಾವ.

“ಇರ್ಲಿ ಬಿಡ್ರಿ. ಸ್ವಂತದ್ದಾದ್ರ ಜತ್ತಿಗಿ ಹೋಗೂದಿಲ್ಲೇನು? ಒಂಚೂರು ಸರೀರಿ.”

ಭಾವ ಮುಖ ಗಂಟಿಕ್ಕಿಕೊಂಡು ಸರಿದರು.

ಮುಂದೆ ಹಳ್ಳದ ಉಸುಕಿನಲ್ಲಿ ಗಾಲಿಗಳು ಹೂತವು. ನಿಶ್ಚಯದ ಹೊತ್ತು ಮೀರುತ್ತಿತ್ತು. ಸರ್ವಿಸ್ ಮೋಟಾರಿನ ರೂಢಿಯಂತೆ ಅಜ್ಜಿಯ ಮನೆಯವರು ಯಾರೂ ಹೇಳದೆಯೇ ಇಳಿದು, ನೂಕಿ, ಮತ್ತೆ ಹತ್ತಿದರು. ಕುರಿಮರಿ ಮಾತ್ರ ಭಾವನ ಪಕ್ಕದಲ್ಲೇ ಕುಳಿತಿತ್ತು.

ದಂಡೆ ಏರುತ್ತಲೇ ಗಟ್ಟಿಮುಟ್ಟಾದ ರೈತರಿಬ್ಬರು ಕೈ ಮಾಡಿದರು. ಡ್ರೈವರ್ ತಿರುಗಿ ನೋಡಿದ. ಭಾವ ಕುರಿಮರಿಯನ್ನು ತೊಡೆಯ ಮೇಲೆ ಎಳೆದುಕೊಂಡು ಜಾಗ ಮಾಡಿದರು.

“ನಿಲ್ಲಸೋ. ಮುಂದ ಇನ್ನೊಂದು ಹಳ್ಳ ಐತಿ.”